ನಲ್ಲಿ ಆಂಟಿಯ ಸಾಲು

ನನಗೆ ಬೈಗುಳ ಹೊಸದಲ್ಲ. ಮನೆಯಲ್ಲಿ ಅವ್ವ ಬೈದಿದ್ದಾಳೆ, ಕಾಲೇಜಿನಲ್ಲಿ ಮೇಷ್ಟ್ರು ಬೈದಿದ್ದಾರೆ, ಕೆಲಸಕ್ಕೆ ಸೇರಿದ ಮೇಲೆ ಮೇಲಿನವರು ಇಂಗ್ಲಿಷಿನಲ್ಲಿ ನಯವಾಗಿ ಬೈದಿದ್ದಾರೆ. ಎಲ್ಲವನ್ನೂ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿದ್ದೇನೆ. ಒಂದು ಮಾತ್ರ ಒಳಗೇ ಉಳಿದುಬಿಟ್ಟಿತು. ಬೈದವರು ಹೊಸಹಳ್ಳಿಗೂ ಬಿನ್ನಿಪೇಟೆಗೂ ನಡುವಿನ ಒಂದು ಕೊಳೆಗೇರಿಯಲ್ಲಿ, ಬೀದಿ ನಲ್ಲಿಯ ಪಕ್ಕ, ಕಲ್ಲಿನ ಮೇಲೆ ಕುಳಿತಿದ್ದ ಒಬ್ಬ ಹೆಂಗಸು. ಬೈದದ್ದೂ ಪ್ರಶ್ನೆಯ ರೂಪದಲ್ಲಿ.

“ಖಾಲಿ ಮನೆಗೆ ಯಾರಾದ್ರೂ ಬೀಗ ಹಾಕ್ತಾರೇನಮ್ಮಾ?”

ಕಳೆದ ತಿಂಗಳು ಅವರು ತೀರಿಕೊಂಡರು. ಮಂಗಳಾ ದಾವಣಗೆರೆಗೆ ಫೋನ್ ಮಾಡಿ, “ಅಕ್ಕಾ, ನಲ್ಲಿ ಆಂಟಿ ಹೋಗ್ಬಿಟ್ರು” ಎಂದಳು. ಮಂಗಳಾ ಯಾರೆಂದು ಮುಂದೆ ಹೇಳುತ್ತೇನೆ; ಅವಳ ವಿಷಯದಲ್ಲಿ ನಾನು ಮಾಡಿದ ತಪ್ಪನ್ನೂ ಹೇಳಲೇಬೇಕು. ಆಂಟಿಯ ನಿಜವಾದ ಹೆಸರು ನನಗೆ ಗೊತ್ತಿದೆ. ಆದರೆ ಅಲ್ಲಿನ ಎಂಬತ್ತು ಮನೆಯವರಿಗೂ ಅವರು ಬರೀ ನಲ್ಲಿ ಆಂಟಿ. ಇಲ್ಲೂ ಅದೇ ಇರಲಿ.

ಆಗ ನಾನು ದಾವಣಗೆರೆಯಲ್ಲಿ ಸಮಾಜಕಾರ್ಯ ಓದುತ್ತಿದ್ದೆ. ನಾಲ್ವರು ಹುಡುಗಿಯರಾದ ನಮ್ಮನ್ನು ಹತ್ತು ದಿನದ ಮಟ್ಟಿಗೆ ಬೆಂಗಳೂರಿಗೆ ಕಳಿಸಿದ್ದರು. ಒಂದು ಸಂಸ್ಥೆಯವರು ಆ ಕೊಳೆಗೇರಿಯ ಜನಕ್ಕೆ ಅದೇ ಜಾಗದಲ್ಲಿ ಮನೆ ಕಟ್ಟಿಸಿಕೊಡಿ ಎಂದು ಅರ್ಜಿ ಹಾಕುತ್ತಿದ್ದರು. ಅರ್ಜಿಯ ಜೊತೆಗೆ ಅಲ್ಲಿ ವಾಸವಿರುವ ಮನೆಗಳ ಪಟ್ಟಿ ಬೇಕಿತ್ತು. ಪಟ್ಟಿ ಮಾಡುವುದು ನಮ್ಮ ಕೆಲಸ. ಪಟ್ಟಿಯಲ್ಲಿ ಬಿಟ್ಟುಹೋದವರಿಗೆ ಮುಂದೆ ಮನೆ ಇಲ್ಲ ಎಂದು ಮೊದಲ ದಿನವೇ ಹೇಳಿದ್ದರು. ನಾವು ಗಂಭೀರವಾಗಿ ತಲೆಯಾಡಿಸಿದ್ದೆವು. ತಲೆಯಾಡಿಸುವುದರಲ್ಲಿ ನಮ್ಮದು ಮೊದಲಿಂದಲೂ ಎತ್ತಿದ ಕೈ.

ಉಳಿದ ಮೂವರು ಹಾಸ್ಟೆಲಿನಲ್ಲಿ ಇಳಿದುಕೊಂಡರು. ನನಗೆ ಆರ್‌ಪಿಸಿ ಲೇಔಟಿನಲ್ಲಿ ಚಿಕ್ಕಮ್ಮನ ಮನೆ ಇತ್ತು. ಮೊದಲ ಮೂರು ದಿನ ಗಲ್ಲಿ ಗಲ್ಲಿ ಸುತ್ತಿ ಮನೆಗೊಂದು ಫಾರಂ ತುಂಬಿ, ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ನಂಬರು ಬರೆದೆವು. ಫಾರಮ್ಮಿನಲ್ಲೂ ಅದೇ ನಂಬರು. ಅಲ್ಲಿ ಲಕ್ಷ್ಮಿಯರೇ ಏಳು ಜನ, ಮಂಜುನಾಥರು ಒಂಬತ್ತು. ನಂಬರಿಲ್ಲದೆ ಯಾರು ಯಾರೆಂದು ಗೊತ್ತಾಗುತ್ತಿರಲಿಲ್ಲ. ಎಪ್ಪತ್ತೆರಡು ಫಾರಂ ಆದವು. ಎಂಟು ಬಾಗಿಲಿಗೆ ಬೀಗ ಇತ್ತು. ಆ ಎಂಟರ ಮುಂದೆ ನಾನೇ ನನ್ನ ದುಂಡು ಅಕ್ಷರದಲ್ಲಿ ‘ಬೀಗ ಹಾಕಿದೆ, ಖಾಲಿ’ ಎಂದು ಬರೆದು ಕೆಳಗೆ ಗೆರೆ ಎಳೆದೆ. ಆಮೇಲೆ ಬೇರೆ ಬೇರೆ ಕಡೆ ಭೇಟಿ, ಭಾಷಣ, ಎರಡು ಸಲ ಮಸಾಲೆ ದೋಸೆ. ಕೊನೆಯ ದಿನ ಮತ್ತೆ ಅಲ್ಲಿಗೆ ಹೋಗಿ ನಂಬರಿನ ಪ್ರಕಾರ ಪ್ರತಿ ಮನೆಯವರ ಸಹಿ ಹಾಕಿಸಿಕೊಂಡು, ಫಾರಮ್ಮುಗಳನ್ನು ಸಂಸ್ಥೆಯವರ ಕೈಗೆ ಕೊಟ್ಟು, ಮಧ್ಯಾಹ್ನ ಮೂರರ ರೈಲು ಹತ್ತುವುದು ಎಂದು ತೀರ್ಮಾನವಾಗಿತ್ತು.

ಕೊನೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಬ್ಯಾಗುಗಳ ಸಮೇತ ಹೋದೆವು. ಮೊದಲ ಗಲ್ಲಿಗೆ ಕಾಲಿಡುತ್ತಲೇ ನನ್ನ ಗೆಳತಿ ಶಿಲ್ಪಾ ನಿಂತುಬಿಟ್ಟಳು.

“ಏ, ನಂಬರ್ ಎಲ್ಲೇ?”

ಒಂದು ಬಾಗಿಲಲ್ಲೂ ನಂಬರಿರಲಿಲ್ಲ. ತಗಡಿನ ಬಾಗಿಲು, ಹಲಗೆ ಬಾಗಿಲು, ಹಳೆ ಬೋರ್ಡು ಕತ್ತರಿಸಿ ಮಾಡಿದ ಬಾಗಿಲು, ಎಲ್ಲವೂ ತೊಳೆದು ಥಳಥಳ ಎನ್ನುತ್ತಿದ್ದವು. ಹೊಸಿಲಿಗೆ ಅರಿಸಿನ ಬಳಿದು ಕುಂಕುಮ ಇಟ್ಟಿದ್ದರು. ಮಾರನೆಯ ದಿನ ವರಮಹಾಲಕ್ಷ್ಮಿ ಹಬ್ಬ.

ನಾವು ನಾಲ್ವರೂ ಹೆಣ್ಣುಮಕ್ಕಳು. ಹಬ್ಬದ ಹಿಂದಿನ ದಿನ ಬಾಗಿಲು ತೊಳೆದು ತೊಳೆದು ಕೈ ಸವೆಸಿಕೊಂಡವರ ಹೊಟ್ಟೆಯಲ್ಲಿ ಹುಟ್ಟಿದವರು. ಶ್ರಾವಣ ಮಾಸದಲ್ಲಿ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದರೆ ಅದು ಎಷ್ಟು ದಿನ ಉಳಿದೀತು ಎಂದು ಒಬ್ಬಳಿಗಾದರೂ ಹೊಳೆಯಬಾರದೆ? ಮೇಷ್ಟ್ರಿಗೆ ಫೋನ್ ಮಾಡಿದೆ. ಅವರು, “ಸಹಿ ಇಲ್ಲದ ಫಾರಂ ತಗೊಳ್ಳೋದಿಲ್ಲ. ಸಿಕ್ಕಷ್ಟು ಮಾಡ್ರಿ, ರೈಲು ತಪ್ಪಿಸ್ಕೋಬ್ಯಾಡ್ರಿ” ಎಂದು ಇಟ್ಟುಬಿಟ್ಟರು. ಸಿಕ್ಕಷ್ಟು ಎಂದರೆ ಎಷ್ಟು? ಮನೆಗಳಲ್ಲಿ ಅರ್ಧ ಜನ ಇಲ್ಲ, ಇದ್ದವರು ಹಬ್ಬದ ಗಡಿಬಿಡಿಯಲ್ಲಿ. ನನಗೆ ಅಳು ಬಂತು, ಅತ್ತೂಬಿಟ್ಟೆ. ನಡುಗಲ್ಲಿಯಲ್ಲಿ, ಎಲ್ಲರೆದುರಿಗೆ.

“ಯಾಕಮ್ಮಾ ಹಬ್ಬದ ಹೊತ್ತಲ್ಲಿ ಅಳ್ತೀಯ? ಬಾ ಇಲ್ಲಿ.”

ಹಾಗೆ ಅವರನ್ನು ಮೊದಲ ಸಲ ಸರಿಯಾಗಿ ನೋಡಿದೆ. ಅರವತ್ತರ ಆಸುಪಾಸು. ಸೀರೆಯ ಮೇಲೆ ತೋಳು ಮಡಚಿದ ಗಂಡಸರ ಷರಟು. ಮಿಲ್ಲಿನಲ್ಲಿ ಕೆಲಸಕ್ಕಿದ್ದ ಗಂಡನದು ಎಂದು ಆಮೇಲೆ ತಿಳಿಯಿತು. ಬಾಯಲ್ಲಿ ಎಲೆಯಡಿಕೆ. ಮುಂದೆ ಪ್ಲಾಸ್ಟಿಕ್ ಕೊಡಗಳ ಉದ್ದನೆಯ ಸಾಲು, ಹಸಿರು, ನೀಲಿ, ಕೆಂಪು, ನಲ್ಲಿಯಿಂದ ಶುರುವಾಗಿ ಗಲ್ಲಿಯ ತಿರುವು ದಾಟಿತ್ತು. ಕೊಡಗಳಿದ್ದವು, ಜನ ಇರಲಿಲ್ಲ. ಅದೇ ಅವರ ಪದ್ಧತಿ. ಆ ನಲ್ಲಿಗೆ ದಿನ ಬಿಟ್ಟು ದಿನ ನೀರು, ಅದೂ ಹನ್ನೊಂದರ ಮೇಲೆ. ಆ ಹೊತ್ತಿಗೆ ಹೆಂಗಸರೆಲ್ಲ ವಿಜಯನಗರದ ಕಡೆ ಮನೆಗೆಲಸಕ್ಕೆ ಹೋಗಿರುತ್ತಾರೆ. ಹೋಗುವ ಮುಂಚೆ ಮನೆಗೊಂದು ಕೊಡ ತಂದಿಟ್ಟರೆ ಆಯಿತು, ಸಾಲು ಸರಿಸುವುದು, ತುಂಬುವುದು, ಪಕ್ಕಕ್ಕಿಡುವುದು ಎಲ್ಲ ಆಂಟಿಯದು. ಕೊಡಗಳು ಮನೆಗಳಿದ್ದ ಕ್ರಮದಲ್ಲೇ ನಿಲ್ಲಬೇಕು. ಈ ಸಲ ನೀರು ಯಾರ ಕೊಡಕ್ಕೆ ನಿಂತಿತೋ ಮುಂದಿನ ಸಲ ಅಲ್ಲಿಂದಲೇ ಶುರು. ಬಾಣಂತಿ ಇರುವ ಮನೆಯ ಕೊಡ, ಸಾವಾದ ಮನೆಯ ಕೊಡ ಮಾತ್ರ ಹನ್ನೊಂದು ದಿನ ಎಲ್ಲರಿಗಿಂತ ಮುಂದೆ. ಈ ಕಾನೂನಿಗೆ ಬರವಣಿಗೆ ಇರಲಿಲ್ಲ. ಆಂಟಿಗೆ ಓದು ಬರಹವೂ ಇರಲಿಲ್ಲ.

ನಮ್ಮ ಕಥೆ ಕೇಳಿ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕರು. “ಬಾಗ್ಲು ಮೇಲೆ ಬರೆದ್ರಾ? ನಾನೇ ಮೂರು ಬಾಗ್ಲು ಉಜ್ಜಿದೀನಿ, ಯಾವ್ದೋ ಹುಡುಗ್ರು ಗೀಚವ್ರೆ ಅಂತ ಬೈಕೊಂಡೆ!” ಆಮೇಲೆ ಎಲೆಯಡಿಕೆ ಉಗಿದು ಬಂದು, “ಬಾಗ್ಲು ಬಿಡಿ. ಕೊಡ ನೋಡ್ಕೊಂಡು ಬರೀರಿ” ಎಂದರು.

ಹಾಗೆ ಶುರುವಾಯಿತು. ಅವರು ಒಂದು ಕೊಡದ ಮೇಲೆ ಬೆರಳ ಗೆಣ್ಣಿನಿಂದ ಕುಟ್ಟುವುದು, ಇದು ಯಾರದು ಎಂದು ಹೇಳುವುದು, ಶಿಲ್ಪಾ ಫಾರಂ ಹುಡುಕಿ ತೆಗೆಯುವುದು.

“ಇದು ಮೂಲೆ ಮನೆ ಲಕ್ಷ್ಮೀದು. ಗಂಡ ಪೇಂಟಿಂಗು, ಎರಡು ಹೆಣ್ಮಕ್ಕಳು, ಅತ್ತೆ ಹಾಸಿಗೆ ಹಿಡಿದವ್ಳೆ. ಇದು ಕಂಠ ಸುಟ್ಟಿರೋದು ಇದ್ಯಲ್ಲ, ಸ್ಟೌ ಪಕ್ಕ ಇಟ್ಟು ಕರಗಿಸ್ಕೊಂಡ್ಳು, ಇವ್ಳೂ ಲಕ್ಷ್ಮೀನೇ, ಆಟೋ ಮಂಜನ ಹೆಂಡ್ತಿ. ಈ ಹಗ್ಗ ಕಟ್ಟಿರೋದು ಮುದುಕಪ್ಪಂದು, ಒಬ್ನೇ. ಬರ್ಕೊಂಡ್ಯಾ?”

ನಾವು ಮೂರು ದಿನ ಸುತ್ತಿ ತುಂಬಿದ ಫಾರಮ್ಮಿನಲ್ಲಿ ತಪ್ಪುಗಳಿದ್ದವು. ಅವರು ಕೂತಲ್ಲೇ ತಿದ್ದಿಸಿದರು. ಹಾಸಿಗೆ ಹಿಡಿದ ಅತ್ತೆಯನ್ನು ನಾವು ಬರೆದೇ ಇರಲಿಲ್ಲ. ನೀರು ಬಂದ ಮೇಲೆ ಮನೆಯಲ್ಲಿದ್ದವರು, ಕೆಲಸ ಮುಗಿಸಿ ಬಂದವರು ಎಲ್ಲ ನಲ್ಲಿ ಹತ್ತಿರ ಬಂದರು, ಅಲ್ಲೇ ನಿಂತು ಸಹಿ ಹಾಕಿದರು, ಒದ್ದೆ ಹೆಬ್ಬೆಟ್ಟು ಒತ್ತಿದರು. ಹಾಕದೆ ಹೋಗುವವರ ಕೊಡವನ್ನು ಆಂಟಿ ಕಾಲಲ್ಲಿ ಅಡ್ಡ ಹಿಡಿಯುತ್ತಿದ್ದರು. ಒಬ್ಬ ಗಂಡಸು ದೊಡ್ಡ ಡ್ರಮ್ಮು ಉರುಳಿಸಿಕೊಂಡು ಬಂದು ಮುಂದೆ ನಿಲ್ಲಿಸಿದ. ಕೈಯಲ್ಲಿ ಉಂಗುರ, ಹಿಂದೆ ಇಬ್ಬರು. ಆಂಟಿ ತಲೆಯನ್ನೂ ಎತ್ತಲಿಲ್ಲ.

“ಅಣ್ಣಾ, ಡ್ರಮ್ಮಿಗೆ ಸಾಲಿಲ್ಲ. ಕೊಡ ತಗೊಂಡ್ ಬಾ.”

“ನಾಳೆ ಹಬ್ಬ ಅಲ್ವಾ ಆಂಟಿ...”

“ನಿಮ್ಮನೇಲ್ ಒಂದೇ ಹಬ್ಬಾನಾ? ಹೋಗಪ್ಪಾ.”

ಅವನು ಡ್ರಮ್ಮು ಉರುಳಿಸಿಕೊಂಡೇ ವಾಪಸು ಹೋದ. ನಮ್ಮ ಕಾಲೇಜಿನ ಪ್ರಾಂಶುಪಾಲರಿಗೂ ಅಷ್ಟು ಗತ್ತು ಇರಲಿಲ್ಲ.

ಎಪ್ಪತ್ತೆರಡು ಫಾರಂ ಮುಗಿಯುತ್ತ ಬಂದಾಗ ನಾನು ಗೆದ್ದೆ ಎಂದುಕೊಂಡೆ. ಆದರೆ ಅವರು ಇನ್ನೂ ಕೊಡ ಕುಟ್ಟುತ್ತಲೇ ಇದ್ದರು. “ಇದು ಮಂಗಳಾದು. ಹುಡುಕಮ್ಮಾ.” ಶಿಲ್ಪಾ ಹುಡುಕಿದಳು, ಇಲ್ಲ. “ಇದು ಭಾಗ್ಯಂದು.” ಅದೂ ಇಲ್ಲ. ನಾನು ನನ್ನ ದುಂಡು ಅಕ್ಷರದ ಹಾಳೆ ತೆಗೆದು, “ಆಂಟಿ, ಆ ಎಂಟು ಮನೆ ಖಾಲಿ. ಬೀಗ ಹಾಕಿತ್ತು” ಎಂದೆ.

ಆಗ ಬಂತು ಆ ಪ್ರಶ್ನೆ. ಕೂಗಲಿಲ್ಲ. ತುಂಬಿದ ಕೊಡವನ್ನು ಪಕ್ಕಕ್ಕಿಟ್ಟು, ನನ್ನ ಮುಖವನ್ನೇ ನೋಡುತ್ತ ಕೇಳಿದರು.

“ಖಾಲಿ ಮನೆಗೆ ಯಾರಾದ್ರೂ ಬೀಗ ಹಾಕ್ತಾರೇನಮ್ಮಾ? ಒಳಗೆ ಏನೋ ಇದೆ ಅಂತ ತಾನೆ ಬೀಗ ಹಾಕೋದು?”

ಎರಡು ವರ್ಷ ಓದಿದ್ದೆ, ದಪ್ಪ ದಪ್ಪ ಪುಸ್ತಕ ತಿರುವಿ ಹಾಕಿದ್ದೆ. ಹಗಲು ಹೊತ್ತಿನಲ್ಲಿ ಬೀಗ ಬಿದ್ದ ಮನೆ ಎಂದರೆ ಆ ಮನೆಯ ಹೆಂಗಸು ಇನ್ನೊಬ್ಬರ ಮನೆಯಲ್ಲಿ ದುಡಿಯುತ್ತಿದ್ದಾಳೆ ಎಂಬುದು ತಲೆಗೆ ಹೋಗಿರಲಿಲ್ಲ.

ಹನ್ನೆರಡೂವರೆ ಆಗಿತ್ತು. ಆಂಟಿ ಯಾರದೋ ಮೊಬೈಲು ಇಸಿದುಕೊಂಡರು. ಆ ಎಂಟು ಮನೆಯವರಿಗೂ ಒಬ್ಬೊಬ್ಬರಾಗಿ ಫೋನು. “ಏಯ್, ಎಲ್ಲಿದೀಯೇ? ಬಾ ಬೇಗ. ಪಾತ್ರೆ ಎಲ್ಲೂ ಓಡಿ ಹೋಗಲ್ಲ, ಆಮೇಲೆ ತೊಳೀವಂತೆ. ನಿನ್ನ ಮನೆ ಇಲ್ಲ ಅಂತ ಬರೆದವ್ರೆ ಕಣೇ ಇಲ್ಲಿ!” ಮಾತಾಡುವಾಗೆಲ್ಲ ನನ್ನ ಕಡೆ ಒಂದು ನೋಟ. ನಾನು ಕೊಡದ ಮರೆಯಲ್ಲಿ ಬಚ್ಚಿಟ್ಟುಕೊಳ್ಳುವುದೊಂದು ಬಾಕಿ.

ಒಬ್ಬೊಬ್ಬರೇ ಓಡಿ ಬಂದರು. ಬಿನ್ನಿಪೇಟೆಯ ಅಪಾರ್ಟ್‌ಮೆಂಟಿನಿಂದ ಒಬ್ಬಳು, ವಿಜಯನಗರದ ಕಲ್ಯಾಣ ಮಂಟಪದಿಂದ ಇಬ್ಬರು. ಕೊನೆಗೆ ಬಂದವಳ ಮೊಣಕೈವರೆಗೆ ಸೋಪಿನ ನೊರೆ ಒಣಗಿತ್ತು. ನನ್ನನ್ನು ನೋಡಿ, “ಅಯ್ಯೋ ಅಕ್ಕಾ, ನೀವಾ!” ಎಂದಳು.

ಅವಳೇ ಮಂಗಳಾ. ನನ್ನ ಚಿಕ್ಕಮ್ಮನ ಮನೆಗೆ ದಿನಾ ಬೆಳಿಗ್ಗೆ ಪಾತ್ರೆ ತೊಳೆಯಲು ಬರುತ್ತಿದ್ದವಳು. ಒಂಬತ್ತು ದಿನ ನಾನು ತಿಂದ ತಟ್ಟೆ, ಕುಡಿದ ಕಾಫಿ ಲೋಟ ತೊಳೆದವಳು. ಅವಳ ಮನೆ ಖಾಲಿ ಎಂದು ನಾನು ಬರೆದ ಹೊತ್ತಿನಲ್ಲಿ ಅವಳು ನನ್ನ ತಿಂಡಿಯ ತಟ್ಟೆಯನ್ನೇ ಉಜ್ಜುತ್ತಿದ್ದಿರಬೇಕು. ಅವಳ ಫಾರಂ ತುಂಬುವಾಗ ಅಕ್ಷರ ದುಂಡಗೆ ಬರಲಿಲ್ಲ. ನನ್ನ ಮುಖ ನೋಡಿ ಆಂಟಿಗೆ ಏನನಿಸಿತೋ, ಮಂಗಳಾಗೆ ಹೇಳಿದರು, “ಪಾಪ, ಊರಿಂದ ಬಂದಿರೋ ಹುಡ್ಗಿ, ಗೊತ್ತಾಗಿಲ್ಲ. ಒಂದ್ ಲೋಟ ಟೀ ಮಾಡೇ ಇವ್ಳಿಗೆ.” ಹೀಗೆ ಮಂಗಳಾಳ ಕೈಯಿಂದ ಇನ್ನೊಂದು ಲೋಟ ಆಯಿತು. ಈ ಸಲ ನಾನೇ ತೊಳೆದಿಟ್ಟೆ.

ಎಂಬತ್ತು ಕೊಡ, ಎಂಬತ್ತು ಫಾರಂ. ಸಂಸ್ಥೆಯವರು ಹೊಸಹಳ್ಳಿ ಮೆಟ್ರೊ ಸ್ಟೇಷನ್ನಿನ ಹತ್ತಿರ ಬಂದು ಫಾರಂ ತೆಗೆದುಕೊಳ್ಳುತ್ತೇವೆ ಎಂದಿದ್ದರು. ಎರಡು ಗಂಟೆಗೆ ಆಂಟಿಗೆ ಕೈ ಮುಗಿದು ಹೊರಟೆವು. “ಹೋಗ್ಬನ್ನಿ ಹೋಗ್ಬನ್ನಿ, ಮುಂದಿನ್ ಸಲ ಪೇಂಟಲ್ಲಿ ಬರೀರಿ” ಎಂದು ನಕ್ಕರು. ಸ್ಟೇಷನ್ನಿನ ಮೆಟ್ಟಿಲ ಬಳಿ ಕಾಯುತ್ತ ನಿಂತಾಗ ಶಿಲ್ಪಾ ವರದಿಯ ಕೊನೆಗೆ ಧನ್ಯವಾದ ಹೇಳುವ ಪುಟ ಬರೆಯುತ್ತಿದ್ದಳು. ಪೆನ್ನು ನಿಲ್ಲಿಸಿ ಕೇಳಿದಳು.

“ಆಂಟಿ ಹೆಸರೇನೇ?”

ಒಬ್ಬರಿಗೂ ಗೊತ್ತಿರಲಿಲ್ಲ. ಐದು ಗಂಟೆ ಹೊತ್ತು ಅವರ ಪಕ್ಕದಲ್ಲೇ ಕೂತಿದ್ದೆವು, ಆಂಟಿ ಆಂಟಿ ಎಂದು ನೂರು ಸಲ ಕರೆದಿದ್ದೆವು. ನಾನು, “ಫಾರಮ್ಮಿನಲ್ಲಿ ಇರುತ್ತೆ ನೋಡು” ಎಂದೆ. ಎಂಬತ್ತನ್ನೂ ತಿರುವಿದೆವು. ಇರಲಿಲ್ಲ. ಮೊದಲ ಮೂರು ದಿನವೂ ಅವರು ನಲ್ಲಿಯ ಹತ್ತಿರವೇ ಇದ್ದರು. ಅವರ ಮನೆ ಬಾಗಿಲು ಯಾವುದೆಂದು ನಾವು ಕೇಳಿರಲಿಲ್ಲ. ಇವತ್ತು ಕೊಡದ ಲೆಕ್ಕ ಹಿಡಿದಾಗಲೂ ಸಿಗಲಿಲ್ಲ. ಯಾಕೆಂದರೆ ಆ ಸಾಲಿನಲ್ಲಿ ಅವರ ಕೊಡವೇ ಇರಲಿಲ್ಲ.

ಸಂಸ್ಥೆಯವರ ಸ್ಕೂಟರು ಬಂತು. “ಹತ್ತೇ ನಿಮಿಷ ನಿಲ್ಲಿ ಸಾರ್” ಎಂದು ಹೇಳಿ ಒಂದು ಖಾಲಿ ಫಾರಂ ಹಿಡಿದುಕೊಂಡು ಓಡಿದೆ. ಹಿಂದಿನಿಂದ ಶಿಲ್ಪಾ ರೈಲು ರೈಲು ಎಂದು ಕೂಗಿದ್ದು ಕೇಳಿಸಿತು. ಹೋಗಲಿ ಅನ್ನಿಸಿತು. ಅವತ್ತಿನವರೆಗೆ ನಾನು ಯಾವುದಕ್ಕೂ ಹೋಗಲಿ ಎಂದವಳಲ್ಲ.

ನಲ್ಲಿ ಹತ್ತಿರ ಯಾರೂ ಇರಲಿಲ್ಲ. ಕೊಡಗಳೆಲ್ಲ ಮನೆ ಸೇರಿದ್ದವು. ನೀರು ನಿಲ್ಲುವ ಹೊತ್ತು. ನೂಲಿನಂತೆ ಸಣ್ಣಗೆ ಇಳಿಯುತ್ತಿತ್ತು. ಅದರ ಕೆಳಗೆ ಒಂದು ಕೆಂಪು ಕೊಡ ಓರೆ ಮಾಡಿ ಹಿಡಿದು ಆಂಟಿ ಕೂತಿದ್ದರು. ಯಾವಾಗಲೂ ಅವರದು ಹಾಗೇ, ಎಲ್ಲರದೂ ಆದ ಮೇಲೆ, ಉಳಿದರೆ.

“ಏನಮ್ಮಾ, ರೈಲು ಬಿಡ್ತಾ?”

“ಆಂಟಿ, ನಿಮ್ಮದು ಬರ್ಕೊಂಡೇ ಇಲ್ಲ.”

“ನಂದ್ಯಾಕೆ?” ಎಂದರು ನಿಜವಾದ ಆಶ್ಚರ್ಯದಿಂದ. “ನಾನು ಇಲ್ಲೇ ಇದೀನಲ್ಲಾ.”

ನಾನು ಗಟ್ಟಿಯಾಗಿಯೇ ರೇಗಿದೆ. “ಇಲ್ಲೇ ಇದೀನಿ ಅಂದ್ರೆ ಆಗಲ್ಲ ಆಂಟಿ, ಪಟ್ಟಿಯಲ್ಲಿ ಇರಬೇಕು. ಬೇರೆಯವರ ಮನೆಗೆಲ್ಲ ಫೋನ್ ಮಾಡಿ ಬೈದ್ರಲ್ಲ, ನಿಮಗೆ ಯಾರು ಬೈಬೇಕು?”

ಅವರು ನಲ್ಲಿ ಕೆಳಗಿನ ಕೊಡವನ್ನು ನೋಡಿದರು, ನನ್ನನ್ನು ನೋಡಿದರು. ಷರಟಿಗೆ ಕೈ ಒರೆಸಿಕೊಂಡರು. ಹೆಸರು ಕೇಳಿದಾಗ, ಹೊಸ ಮದುಮಗಳು ಗಂಡನ ಹೆಸರು ಹೇಳುವ ಹಾಗೆ ನಾಚಿಕೊಂಡು ತಮ್ಮ ಹೆಸರು ಹೇಳಿದರು. ಎಷ್ಟು ಚಂದದ ಹೆಸರು! ಎಂಬತ್ತೊಂದನೆಯ ಫಾರಂ. ಅವರ ಹೆಬ್ಬೆಟ್ಟು ನೀರಿನಲ್ಲಿ ನೆನೆದು ಸುಕ್ಕಾಗಿತ್ತು, ಎರಡು ಸಲ ಒತ್ತಿಸಬೇಕಾಯಿತು. ಫಾರಂ ಸಂಸ್ಥೆಯವರ ಕೈ ಸೇರಿತು, ನನಗೆ ರೈಲು ತಪ್ಪಿತು. ಸಂಜೆ ಬಸ್ಸು ಹಿಡಿದು ಊರು ಸೇರಿದೆ, ಮೇಷ್ಟ್ರ ಹತ್ತಿರ ಬೈಸಿಕೊಂಡೆ.

ನಮ್ಮ ಪಟ್ಟಿಯಿಂದಲೇ ಅವರಿಗೆ ಮನೆ ಬಂತು ಎಂದರೆ ಅದು ಬಡಾಯಿ. ಆಮೇಲೆ ವರ್ಷಗಟ್ಟಲೆ ಓಡಾಡಿದವರು ಬೇರೆ, ಆಂಟಿಯೂ ಅವರ ಜೊತೆ ಕಚೇರಿಯಿಂದ ಕಚೇರಿಗೆ ಅಲೆದರು. ಆದರೆ ಪರಿಶೀಲನೆ ಬಂದಾಗಲೆಲ್ಲ ತೆಗೆದು ನೋಡಿದ್ದು ಆ ಎಂಬತ್ತೊಂದು ಫಾರಮ್ಮುಗಳನ್ನೇ ಎಂದು ಮಂಗಳಾ ಹೇಳುತ್ತಾಳೆ. ಅದೇ ಜಾಗದಲ್ಲಿ ನಾಲ್ಕು ಅಂತಸ್ತಿನ ಕಟ್ಟಡ ಎದ್ದಿತು. ಚೀಟಿ ಎತ್ತಿ ಮನೆ ಹಂಚಿದರು. ಆಂಟಿಗೆ ಬಂದದ್ದು ಮೂರನೆಯ ಮಹಡಿ.

ಬೆಂಗಳೂರಿಗೆ ಹೋದಾಗಲೆಲ್ಲ ಊರಿಗೆ ಹೊರಡುವ ಕೊನೆಯ ದಿನ ಅವರನ್ನು ನೋಡಿ ಬರುವುದು ನನಗೆ ರೂಢಿಯಾಯಿತು. ಒಮ್ಮೆ ಕೇಳಿದ್ದೆ, “ಈಗ ನಲ್ಲಿ ಮನೆ ಒಳಗೇ ಬಂತಲ್ಲ ಆಂಟಿ, ನಿಮಗೇನು ಕೆಲಸ?” “ಲಿಫ್ಟ್ ಇದ್ಯಲ್ಲ” ಎಂದರು. “ಅಲ್ಲಿ ನುಗ್ಗೋದು ನೋಡ್ಬೇಕು ನೀನು!” ನಿಜವಾಗಿಯೂ ಲಿಫ್ಟಿನ ಬಾಗಿಲ ಪಕ್ಕ ಅವರದೊಂದು ಪ್ಲಾಸ್ಟಿಕ್ ಕುರ್ಚಿ ಇತ್ತು. ಬಸುರಿಯರು ಮೊದಲು, ಗ್ಯಾಸ್ ಸಿಲಿಂಡರು ಕೊನೆಗೆ. ಕೆಂಗೇರಿಯಲ್ಲಿದ್ದ ಮಗಳು ಬಂದು ಇರು ಎಂದು ಕರೆದೂ ಕರೆದೂ ಸೋತಿದ್ದಳು. ಎರಡು ದಿನಕ್ಕಿಂತ ಹೆಚ್ಚು ಅಲ್ಲಿ ನಿಲ್ಲುತ್ತಿರಲಿಲ್ಲ. ನಾನು ಕೆಲಸಕ್ಕೆ ಸೇರಿದ ಸುದ್ದಿ ಹೇಳಿದಾಗ ಕೇಳಿದ್ದು ಒಂದೇ: “ಬೀಗ ಹಾಕಿರೋ ಮನೆಗೆ ಎರಡನೇ ಸಲ ಹೋಗ್ತೀಯಾ?” ಹೋಗ್ತೀನಿ ಆಂಟಿ ಎಂದೆ. ಹೋಗುತ್ತೇನೆ ಕೂಡ. ಬೆಳಿಗ್ಗೆ ಬೀಗ ಇದ್ದರೆ ಸಂಜೆ, ಸಂಜೆಯೂ ಇದ್ದರೆ ಭಾನುವಾರ. ನನ್ನ ಕೈ ಕೆಳಗಿನ ಹುಡುಗಿಯರು ನನ್ನನ್ನು ಹಿಂದಿನಿಂದ ಏನೇನೋ ಕರೆಯುತ್ತಾರೆ.

ಹನ್ನೊಂದನೆಯ ದಿನದ ಕಾರ್ಯಕ್ಕೆ ಹೋದೆ. ಮಗಳು ಕಟ್ಟಡದ ಕೆಳಗೇ ಅಡುಗೆ ಇಟ್ಟಿದ್ದಳು. ಅವತ್ತೇ ಪಂಪು ಕೆಟ್ಟಿತ್ತು, ಯಾವ ಮನೆಯಲ್ಲೂ ಹನಿ ನೀರಿಲ್ಲ. ಅಡುಗೆಯವರು ಗಲಾಟೆ ಮಾಡುವ ಹೊತ್ತಿಗೆ ಟ್ಯಾಂಕರು ಬಂತು. ಮೆಟ್ಟಿಲ ತುಂಬ ದಡದಡ ಸದ್ದು. ಯಾವ ಅಟ್ಟದಲ್ಲಿ ಇಟ್ಟುಕೊಂಡಿದ್ದರೋ, ಹಳೆಯ ಕೊಡಗಳೆಲ್ಲ ಕೆಳಗೆ ಇಳಿದವು. ನಾನು ಮುಂದೆ, ನೀನು ಮುಂದೆ ಎಂದು ಜಗಳ ಶುರುವಾಯಿತು. ಮಂಗಳಾ ಟ್ಯಾಂಕರಿನ ಪೈಪು ಕಿತ್ತುಕೊಂಡು, ಆಂಟಿಯದೇ ಧಾಟಿಯಲ್ಲಿ, “ಏಯ್! ಇವತ್ತಾದ್ರೂ ಸರಿಯಾಗಿ ನಿಲ್ಲಿಸ್ರೇ!” ಎಂದಳು.

ಒಬ್ಬೊಬ್ಬಳೇ ತನ್ನ ಕೊಡ ಎತ್ತಿಕೊಂಡು ಸರಿದಳು. ಮೊದಲನೆಯ ಮಹಡಿಯವಳು ನಾಲ್ಕನೆಯ ಮಹಡಿಯವಳ ಪಕ್ಕ, ಕಂಠ ಸುಟ್ಟ ಕೊಡ ಮೂಲೆ ಮನೆ ಲಕ್ಷ್ಮಿಯದರ ಪಕ್ಕ, ಆಮೇಲೆ ಹಗ್ಗ ಕಟ್ಟಿದ ಮುದುಕಪ್ಪನ ಕೊಡ. ಗಲ್ಲಿಗಳು ಹೋಗಿ ಎಷ್ಟೋ ಕಾಲವಾಗಿತ್ತು. ಕೊಡಗಳು ಗಲ್ಲಿಯ ಕ್ರಮದಲ್ಲೇ ನಿಂತವು. ಆದರೆ ಪೈಪಿನ ಕೆಳಗೆ, ಎಲ್ಲಕ್ಕಿಂತ ಮುಂದೆ ಯಾರೂ ಇಡಲಿಲ್ಲ. ಅಲ್ಲಿ ಒಂದು ಕೊಡದಷ್ಟು ಜಾಗ ಬಿಟ್ಟಿದ್ದರು.

ಮಂಗಳಾ ಮೂರನೆಯ ಮಹಡಿಗೆ ಹತ್ತಿಹೋಗಿ ಕೆಂಪು ಕೊಡ ತಂದಳು. ಆ ಜಾಗದಲ್ಲಿ ಇಟ್ಟಳು. ಹೊಸದಾಗಿ ಬಂದಿದ್ದ ಬಾಡಿಗೆಯ ಹೆಂಗಸೊಬ್ಬಳು, “ಇದ್ಯಾರ್ದು ಮೊದ್ಲು?” ಎಂದು ಕೇಳಿದಳು.

“ಆಂಟೀದು” ಎಂದಳು ಮಂಗಳಾ. “ಸಾವಾದ ಮನೆ ಅಲ್ವಾ, ಹನ್ನೊಂದು ದಿನ ಮೊದ್ಲು. ಅವ್ರೇ ಮಾಡಿದ್ ರೂಲು.”

ಪೈಪು ಬಿಟ್ಟರು. ನೀರು ಜೋರಾಗಿ ಬಿತ್ತು, ಕೆಂಪು ಕೊಡ ಒಂದು ನಿಮಿಷದಲ್ಲಿ ತುಂಬಿ ಹೊರಚೆಲ್ಲಿತು. ಎಂಬತ್ತು ಕೊಡ ಹಿಂದೆ ಕಾದಿದ್ದವು. ಯಾರೂ ಅವಸರ ಮಾಡಲಿಲ್ಲ.